ಯಲಬುರ್ಗಾದಿಂದ ಬಂದ ಆಕಾಶ

ಹೋದ ತಿಂಗಳು ಗಂಗಾವತಿಯಲ್ಲಿ ನಮ್ಮ ಓಣಿಯ ತುದಿಗೆ ಯಾರೋ ಹೊಸ ಮನೆ ಕಟ್ಟಿಸಿ ಬಾಗಿಲಿಗೆ ಅರಗಿನ ಪಾಲಿಶ್ ಹಚ್ಚಿಸುತ್ತಿದ್ದರು. ಬಡಗಿ ಹತ್ತಿಯ ಉಂಡೆಯನ್ನು ಅದ್ದಿ ಅದ್ದಿ ತಿಕ್ಕುತ್ತಿದ್ದ. ಚೀಲ ಹಿಡಿದು ಸಂತೆಗೆ ಹೊರಟಿದ್ದ ನಾನು ಆ ವಾಸನೆಗೆ ನಿಂತೇಬಿಟ್ಟೆ. ಮೊದಲು ಮೂಗಿಗೆ ಚುಚ್ಚಿ, ಆಮೇಲೆ ಬೆಲ್ಲ ಕಾಯಿಸಿದಂತೆ ಸಿಹಿಯಾಗುವ ವಾಸನೆ ಅದು. "ಏನ್ ನೋಡಾಕತ್ತೀರಿ ಅಕ್ಕಾರ?" ಎಂದು ಬಡಗಿ ಕೇಳಿದ. ಏನು ಹೇಳಲಿ? ನಾನು ನೋಡುತ್ತಿದ್ದುದು ಕುಷ್ಟಗಿಯ ನಮ್ಮ ಹಳೇ ಮನೆಯ ಪಡಸಾಲೆಯನ್ನು; ಅಲ್ಲಿ ಕಿಟಕಿಯ ಕೆಳಗೆ ಕಾಲು ಚಾಚಿ ಕುಳಿತು, ತೊಡೆಯ ಮೇಲೆ ಭೂಮಿಯನ್ನಿಟ್ಟುಕೊಂಡು, ಅದಕ್ಕೆ ಅರಗು ಸವರುತ್ತಿದ್ದ ನಮ್ಮ ಗೌರತ್ತಿಯನ್ನು.

ಗೌರತ್ತಿ ನನ್ನ ಅಪ್ಪನ ಅಕ್ಕ. ನಾನು ಹುಟ್ಟುವ ಮುಂಚೆಯೇ ಗಂಡನ ಮನೆ ಬಿಟ್ಟು ಬಂದು ಹೆಣ್ಣುಮಕ್ಕಳ ಸಾಲೆಯಲ್ಲಿ ಟೀಚರಾಗಿದ್ದಳು. ಯಾಕೆ ಬಿಟ್ಟು ಬಂದಳೆಂದು ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಅವಳಿಗೆ ಹಳೆಯ ಗೋಲಗಳ, ಅಂದರೆ ಗ್ಲೋಬುಗಳ ಹುಚ್ಚು. ಮೊದಲನೆಯದು ಅವಳ ಸಾಲೆಯ ಅಟ್ಟದಲ್ಲಿ, ಮುರಿದ ಬೆಂಚುಗಳ ನಡುವೆ ಇಲಿ ಕಡಿದು ಬಿದ್ದಿತ್ತಂತೆ, ಕೇಳಿ ತಂದಳು. ಎರಡನೆಯದು ಕೊಪ್ಪಳದ ಗುಜರಿ ಅಂಗಡಿಯದು. ಮೂರನೆಯದನ್ನು ಹಿಟ್ನಾಳದ ಒಬ್ಬ ನಿವೃತ್ತ ಮಾಸ್ತರರು, "ನಿಮ್ಮಂಗ ಜ್ವಾಕಿ ಮಾಡೋರು ಯಾರ್ರಿ" ಎಂದು ಕರೆದು ಕೊಟ್ಟಿದ್ದರು. ಒಳಗೆ ರದ್ದಿ ಕಾಗದದ ಉಂಡೆ, ಮೇಲೆ ಸುಣ್ಣದ ಲೇಪ, ಅದರ ಮೇಲೆ ಕಿತ್ತಳೆ ತೊಳೆಗಳಂತೆ ಕತ್ತರಿಸಿ ಅಂಟಿಸಿದ ನಕಾಶೆ, ಎಲ್ಲದರ ಮೇಲೆ ಅರಗು. ಅರಗು ವರ್ಷ ಕಳೆದಂತೆ ಹಳದಿಯಾಗಿ ಸಮುದ್ರಗಳೆಲ್ಲ ಹೆಸರುಬೇಳೆ ಕಟ್ಟಿನ ಬಣ್ಣಕ್ಕೆ ತಿರುಗಿದ್ದವು. "ಊರು ಮುಪ್ಪಾಗೂದಿಲ್ಲ, ಹೆಸರು ಮುಪ್ಪಾಗತಾವ. ಹೆಸರು ನೋಡಿ ಗೋಲದ ವಯಸ್ಸು ಹೇಳಬೇಕು" ಎನ್ನುತ್ತಿದ್ದಳು. ಈಗ ಇಲ್ಲದ ದೇಶಗಳನ್ನು ಹುಡುಕಿ ಹುಡುಕಿ ನನಗೆ ತೋರಿಸುತ್ತಿದ್ದಳು. ಸಾಲೆಯಿಂದ ತಂದ ಗೋಲದಲ್ಲಿ ನಮ್ಮ ದೇಶವೇ ಇರಲಿಲ್ಲ. ತಲೆಮಾರುಗಟ್ಟಲೆ ಹುಡುಗಿಯರು "ಇಲ್ಲೈತಿ ನೋಡ್ರಿ" ಎಂದು ಬೆರಳಿಟ್ಟು ಬೆರಳಿಟ್ಟು ಆ ಜಾಗ ಸವೆದು ಬಿಳಿ ಸುಣ್ಣ ಕಾಣುತ್ತಿತ್ತು. ಲಂಕೆ ಮಾತ್ರ ನೆಟ್ಟಗಿತ್ತು. ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಇದೆಲ್ಲ ನಗೆ. "ಮೂರ್ ಮೂರ್ ಭೂಮಿ ಅದಾವ ಮನ್ಯಾಗ, ಬಿತ್ತಾಕ ಒಂದೆಕರೆ ಇಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ನಿಮ್ಮ ಮನೆಯಲ್ಲೂ ಹೀಗೆ ಯಾರಿಗೂ ಬೇಡದ್ದನ್ನು ಜೋಪಾನ ಮಾಡುವವರೊಬ್ಬರು ಇದ್ದಿರಬೇಕು. ಅವರು ಇರುವತನಕ ಅದೊಂದು ಚೇಷ್ಟೆಯ ವಿಷಯ, ಅಷ್ಟೆ.

ಕೊಪ್ಪಳದಲ್ಲಿ ಪುಸ್ತಕ ಬೈಂಡಿಂಗ್ ಮಾಡುವ ಖಾಜಾಸಾಬರು ಅತ್ತೆಗೆ ಗೋಲದ ಕಾಗದ ಅಂಟಿಸುವುದನ್ನು ಕಲಿಸಿದವರು. ಅವರೇ ಒಮ್ಮೆ ಹೇಳಿದರು: "ಟೀಚರ್, ಯಲಬುರ್ಗಾದಾಗ ಹಲೀಮಾಬಿ ಅಂತ ಅದಾರ, ನಿಜಾಮನ ಕಾಲದ ಮುನ್ಷಿ ಮನೆತನ. ಅವರ ಹಂತ್ಯಾಕ ಆಸ್ಮಾನದ, ಅಂದ್ರ ಆಕಾಶದ ಗೋಲ ಐತಿ. ಮನಿ ಖಾಲಿ ಮಾಡಾಕತ್ಯಾರಂತ, ಒಮ್ಮೆ ನೋಡಿ ಬರ್ರಿ." ಆ ಭಾನುವಾರವೇ ಅತ್ತೆ ನನ್ನನ್ನು ಕರೆದುಕೊಂಡು ಯಲಬುರ್ಗಾದ ಬಸ್ಸು ಹತ್ತಿದಳು. ನನಗಾಗ ಒಂಬತ್ತು ವರ್ಷ. ಆ ಮನೆಯ ಮುಂದೆ ಲಾರಿ ನಿಂತಿತ್ತು. ಮಂಚ, ಸಂದೂಕ, ಹಂಡೆ ಎಲ್ಲ ಏರುತ್ತಿದ್ದವು. ಹಲೀಮಾಬಿ ಹೈದರಾಬಾದಿಗೆ, ಮಗನ ಹತ್ತಿರ ಹೊರಟಿದ್ದರು. ತೆಳ್ಳಗಿನ, ಬೆಳ್ಳಗಿನ ಮುದುಕಿ. ನನಗೆ ಖರ್ಜೂರ ಕೊಟ್ಟು ತಲೆ ಸವರಿದರು. ಆಮೇಲೆ ಒಳಗಿನಿಂದ ಹಸಿರು ಬಟ್ಟೆಯಲ್ಲಿ ಸುತ್ತಿದ ಗೋಲ ತಂದರು. ಹಿತ್ತಾಳೆಯದು, ತೆಂಗಿನಕಾಯಿಗಿಂತ ತುಸು ದೊಡ್ಡದು. ಮೈಮೇಲೆಲ್ಲ ಬೆಳ್ಳಿಯ ಚುಕ್ಕಿಗಳು, ಕೊರೆದ ಏಡಿ, ಚೇಳು, ಗೂಳಿ, ಸಣ್ಣ ಸಣ್ಣ ಉರ್ದು ಅಕ್ಷರ. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದಳು, ಬಾಣಂತಿಯ ಕೂಸನ್ನು ಹಿಡಿದ ಹಾಗೆ. ತಿರುಗಿ ಕೊಡಲು ಹೋದಾಗ ಹಲೀಮಾಬಿ ಅವಳ ಕೈಯನ್ನೇ ಹಿಂದಕ್ಕೆ ಒತ್ತಿದರು. ಏನೋ ಅಂದರು. ಅಷ್ಟರಲ್ಲಿ ಲಾರಿ ಶುರುವಾಗಿ ಮಾತು ಅದರ ಸದ್ದಿನಲ್ಲಿ ಮುಳುಗಿತು. ನಾನು ಇಬ್ಬರ ನಡುವೆ, ಅತ್ತೆಯ ಸೆರಗು ಹಿಡಿದು ನಿಂತಿದ್ದೆ. ಅವರು ಅಂದದ್ದು "ಇಟ್ಕೋರಿ" ಎಂದೋ, "ಇಟ್ಟಿರ್ರಿ" ಎಂದೋ?

ಆ ವ್ಯತ್ಯಾಸ ನಿಮಗೆ ಹೇಳಬೇಕಿಲ್ಲ. ಇಟ್ಕೋರಿ ಅಂದರೆ ನಿಮ್ಮದೇ ಆಯಿತು, ಇಟ್ಟಿರ್ರಿ ಅಂದರೆ ನಾವು ಬರುವತನಕ ನಿಮ್ಮ ಬಳಿ ಇರಲಿ. ಆ ದಿನ ನನಗೆ ಅದು ಮುಖ್ಯವೆಂದು ಅನಿಸಿರಲೇ ಇಲ್ಲ. ನನ್ನ ಲಕ್ಷ್ಯವೆಲ್ಲ ಖರ್ಜೂರದ ಬೀಜ ಎಲ್ಲಿ ಉಗುಳಬೇಕೆಂಬುದರ ಮೇಲಿತ್ತು. ಬಸ್ಸಿನಲ್ಲಿ ಅತ್ತೆ ಗೋಲವನ್ನು ಮಡಿಲಲ್ಲಿಟ್ಟುಕೊಂಡು, "ಎಂಥಾ ದೊಡ್ಡ ಮನಸ್ಸು ನೋಡು, ಇಟ್ಕೋರಿ ಅಂದಬಿಟ್ರು" ಎಂದಳು. ನಾನು ತಲೆಯಾಡಿಸಿದೆ.

ಮುಂದಿನ ಐದು ವರ್ಷ ನಮ್ಮ ಮನೆಯಲ್ಲಿ ಆಕಾಶ ಇತ್ತು. ಅತ್ತೆ ಖಾಜಾಸಾಬರ ಹತ್ತಿರ ಉರ್ದುವಿನ ಅಲಿಫ್, ಬೇ ಕಲಿತಳು. ಗೂಳಿಯ ಕಣ್ಣಿನ ಜಾಗದ ಚುಕ್ಕಿಗೆ "ದಬರಾನ್" ಎಂದಿದೆ, ಅದು ನಮ್ಮ ರೋಹಿಣಿ ಎಂದು ತಿಳಿದ ದಿನ ಮನೆಯಲ್ಲಿ ಶಾವಿಗೆ ಪಾಯಸ ಮಾಡಿಸಿದಳು. ಬೇಸಿಗೆಯಲ್ಲಿ ದೀಪ ಹಚ್ಚುವ ಹೊತ್ತು ಮುಗಿದ ಮೇಲೆ ನಾವಿಬ್ಬರೂ ಗೋಲ ಹೊತ್ತು ಮಾಳಿಗೆ ಏರುತ್ತಿದ್ದೆವು. ನನಗೋ ಬರೀ ಗೊಂದಲ. ಗೋಲದ ಮೇಲಿನ ಸಪ್ತರ್ಷಿಗಳ ಬಾಲ ಒಂದು ದಿಕ್ಕಿಗೆ ಬಾಗಿದ್ದರೆ ಆಕಾಶದಲ್ಲಿದ್ದುದು ಇನ್ನೊಂದು ದಿಕ್ಕಿಗೆ. ತಿರುವಿ ಹಿಡಿದೆ, ತಲೆಕೆಳಗು ಹಿಡಿದೆ, ಕೂಡಲಿಲ್ಲ. "ಇದು ತಪ್ಪೈತಿ ಅತ್ತಿ" ಎಂದೆ. ಅವಳು ನಕ್ಕಳು. "ತಪ್ಪಲ್ಲವಾ. ನಾವು ಆಕಾಶದ ಒಳಗ ಕುಂತು ನೋಡ್ತೀವಿ. ಗೋಲ ಮಾಡಿದಾಂವ ಹೊರಗ ನಿಂತು ನೋಡ್ದಂಗ ಮಾಡ್ಯಾನ. ಅದಕ್ಕ ಎಡ ಬಲ ಆಗೇತಿ." ಹೊರಗೆ ಎಂದರೆ ಎಲ್ಲಿ? ಅಲ್ಲಿ ಯಾರು ನಿಲ್ಲುತ್ತಾರೆ? ನನಗೆ ತಿಳಿಯಲಿಲ್ಲ. ಇಂದಿಗೂ ಪೂರ್ತಿ ತಿಳಿದಿದೆಯೆಂದು ಹೇಳಲಾರೆ.

ನನಗೆ ಹದಿನಾಲ್ಕಾದಾಗ, ಒಂದು ಮಧ್ಯಾಹ್ನ, ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಮನೆ ಕೇಳಿಕೊಂಡು ಬಂದಳು. ಹೆಸರು ನಸೀಮಾ, ಹಲೀಮಾಬಿಯ ಮೊಮ್ಮಗಳು. ಬುರ್ಖಾದ ಅಂಚಿಗೆಲ್ಲ ದಾರಿಯ ಧೂಳು. ನೀರು ಕುಡಿದು, ಅಜ್ಜಿ, ಅವಳ ಮಾತಿನಲ್ಲಿ ದಾದಿ, ತೀರಿಕೊಂಡರೆಂದು ಹೇಳಿದಳು. ಆಮೇಲೆ ನಸೀಮಾ ಮೆಲ್ಲಗೆ, "ಕುಷ್ಟಗಿ ಟೀಚರ್ ಹತ್ರ ನಮ್ಮ ಅಮಾನತ್ ಐತಿ, ನಂಬಿ ಇಟ್ಟದ್ದು, ಅಂತ ದಾದಿ ಹೇಳ್ತಿದ್ರು. ಅವರ ಒಂದು ಸಾಮಾನೂ ನನ್ ಹತ್ರ ಉಳದಿಲ್ರಿ" ಎಂದಳು. ಅತ್ತೆ ಎದ್ದು ನಿಂತಳು. "ಅಮಾನತ್ ಅಲ್ಲ ತಂಗಿ, ನನಗ ಇಟ್ಕೋರಿ ಅಂತ ಕೊಟ್ರು. ಇಕಿನೂ ಇದ್ಲು" ಎಂದು ನನ್ನ ಕಡೆ ತಿರುಗಿದಳು. "ಏನಂದ್ರು ಹೇಳವಾ."

ಇಬ್ಬರೂ ನನ್ನನ್ನೇ ನೋಡಿದರು. ನಾನು ಅಂದೆ: "ಇಟ್ಟಿರ್ರಿ ಅಂದ್ರು."

ಯಾಕೆ ಹಾಗೆ ಅಂದೆ? ಇಷ್ಟು ವರ್ಷ ಈ ಪ್ರಶ್ನೆಯನ್ನು ಎಲ್ಲ ಕಡೆಯಿಂದ ತಿರುವಿ ನೋಡಿದ್ದೇನೆ. ಆ ಕ್ಷಣ ನಿಜವಾಗಿಯೂ ಲಾರಿಯ ಸದ್ದಿನೊಳಗಿಂದ ಹಲೀಮಾಬಿಯ ದನಿ ನನಗೆ ಹಾಗೇ ಕೇಳಿಸಿತ್ತು. ಆದರೆ ಅದೇ ಬೆಳಿಗ್ಗೆ, ಸಾಲೆಯ ಪ್ರದರ್ಶನಕ್ಕೆ ಗೋಲ ಒಯ್ಯುತ್ತೇನೆಂದು ಗೋಗರೆದಾಗ ಅತ್ತೆ "ಅದನ್ನ ಮುಟ್ಟಬ್ಯಾಡ" ಎಂದು ಗದರಿದ್ದಳು, ಆ ಸಿಟ್ಟೂ ನನ್ನ ಹೊಟ್ಟೆಯಲ್ಲಿತ್ತು. ನಸೀಮಾಳ ಧೂಳು ಮೆತ್ತಿದ ಪಾದಗಳೂ ಕಣ್ಣ ಮುಂದಿದ್ದವು. ನೆನಪು ಎಷ್ಟು, ಸಿಟ್ಟು ಎಷ್ಟು, ಕನಿಕರ ಎಷ್ಟು, ಬೇರ್ಪಡಿಸಲು ನನ್ನಿಂದ ಆಗಿಲ್ಲ.

ಅತ್ತೆ ಒಳಗೆ ಹೋಗಿ ತನ್ನ ಮೆತ್ತಗಿನ ಇಳಕಲ್ ಸೀರೆಯೊಂದನ್ನು ತಂದು ಗೋಲವನ್ನು ಮೂರು ಸುತ್ತು ಸುತ್ತಿದಳು. ನಸೀಮಾಳಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ, ಬಸ್ಸಿನತನಕ ತಾನೇ ಹೊತ್ತು ನಡೆದಳು. "ಹಿತ್ತಾಳಿಗೆ ಹುಣಸಿಹಣ್ಣು ಹಚ್ಚಬ್ಯಾಡ ತಂಗಿ, ಚುಕ್ಕಿ ಕಿತ್ತು ಹೋಗತಾವ" ಎಂದದ್ದಷ್ಟೇ ನನಗೆ ಕೇಳಿಸಿತು. ಅಂದಿನಿಂದ ಅವಳು ಯಾವ ಗೋಲವನ್ನೂ ತರಲಿಲ್ಲ. ಅರಗಿನ ಡಬ್ಬಿ ಒಣಗಿ ಕಲ್ಲಾಯಿತು. ನನ್ನನ್ನು ಬೈಯಲಿಲ್ಲ, ಮುನಿಯಲಿಲ್ಲ. ಮೊದಲಿನಂತೆಯೇ ಜಡೆ ಹೆಣೆದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಕಡೆಯ ವರ್ಷ ಅವಳನ್ನು ಗಂಗಾವತಿಗೆ ನನ್ನ ಮನೆಗೇ ಕರೆತಂದಿದ್ದೆ. ಒಂದು ಸಂಜೆ ಅವಳ ಕಾಲು ಒತ್ತುತ್ತಾ ಧೈರ್ಯ ಮಾಡಿ ಕೇಳಿದೆ: "ಅತ್ತಿ, ಖರೇ ಹೇಳು, ಹಲೀಮಾಬಿ ಅವತ್ತು ಏನಂದಿದ್ರು?"

"ನನಗ ಕೇಳಿಸಲೇ ಇಲ್ಲವಾ. 'ಇಟ್' ಅನ್ನೂದಷ್ಟ ಕಿವಿಗೆ ಬಿತ್ತು. ಮುಂದಿಂದು ನಾನ ಹಚ್ಕೊಂಡೆ. ಆಸೆ ಇತ್ತಲ್ಲ."

ನನ್ನ ಕೈ ನಿಂತಿತು. "ಮತ್ತ ಯಾಕ ಕೊಟ್ಟಿ?"

"ನೀ ಕೇಳಿಸ್ಕೊಂಡಿದ್ದಿಯಲ್ಲ. ನಾಕೈದ ವರ್ಷ ಮಂದಿ ಸಾಮಾನು ನಂದು ಅನ್ಕೊಂಡು ಕುಂತಿದ್ದೆ. ನೀ ಬಾಯಿ ಬಿಟ್ಟು ಉಳಿಸಿದಿ." ಆಮೇಲೆ, ಏನೋ ಅನುಮಾನ ಬಂದವಳಂತೆ ನನ್ನತ್ತ ಹೊರಳಿದಳು. "ಖರೇನ ಕೇಳಿಸ್ಕೊಂಡಿದ್ದಿ, ಹೌದಿಲ್ಲೊ?"

"ಹೂಂ ಅತ್ತಿ, ಕೇಳಿಸ್ಕೊಂಡಿದ್ದೆ" ಎಂದೆ.

"ಹಂಗಾರ ಛಲೋ ಆತು" ಎಂದು ಕಣ್ಣು ಮುಚ್ಚಿದಳು. ಇಪ್ಪತ್ತು ದಿನ ಬಿಟ್ಟು ಹೋಗಿಬಿಟ್ಟಳು.

ಕುಷ್ಟಗಿಯ ಮನೆ ಈಗ ದಾಳಿಂಬೆ ಪೆಟ್ಟಿಗೆಗಳ ಗೋದಾಮು. ಖಾಜಾಸಾಬರೂ ಇಲ್ಲ. ನಸೀಮಾಳ ಊರು, ಮನೆ ನನಗೆ ಗೊತ್ತಿಲ್ಲ, ಒಮ್ಮೆಯೂ ಕೇಳಿಟ್ಟುಕೊಳ್ಳಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತು ಆಡಿದ ಒಂದು ಮಾತಿಗೆ ಈ ಭೂಮಿಯ ಮೇಲೆ ನಾನೊಬ್ಬಳೇ ಸಾಕ್ಷಿ. ಏನು ಕೇಳಿಸಿತೆಂದು ನನಗೇ ತಿಳಿಯದು, ಕೇಳುವವರೂ ಯಾರೂ ಉಳಿದಿಲ್ಲ.