ಮೂರು ಬಾಯಿಯ ಮೋಜಣಿದಾರರು

ಊರೂರು ತಿರುಗಿ ಹಳ್ಳ, ದಿಣ್ಣೆ, ಮರ, ಬಂಡೆಗಳ ಹೆಸರನ್ನು ಸರ್ಕಾರದ ನಕ್ಷೆಗೆ ಬರೆದುಕೊಳ್ಳುವ ಈ ಮೋಜಣಿದಾರರಿಗೆ ಒಂದೇ ಕಾನೂನು: ಮೂರು ಬಾಯಲ್ಲಿ ಬಂದದ್ದೇ ಹೆಸರು. ಊರ ಯಜಮಾನರೇ ಎದೆ ತಟ್ಟಿ ಹೇಳಿದರೂ, "ನಿಮ್ದೊಂದು ಬಾಯಿ ಆಯ್ತು, ಇನ್ನೆರಡು ಬರ್ಲಿ" ಎಂದು ಬಂಡೆಯ ಮೇಲೆ ಕೂತೇಬಿಡುತ್ತಾರೆ. ಅದೂ ಕೇಳಿದ್ದಕ್ಕೆ ಹೇಳಿದರೆ ನಡೆಯದು, ಮಾತಿನ ನಡುವೆ ತಾನಾಗಿ ಉದುರಬೇಕು. ಅದಕ್ಕೇ ಅವರು ಹುಟ್ಟಿಯೇ ಇರದ ಎಮ್ಮೆಯೊಂದನ್ನು ಕಳೆದುಕೊಂಡು, ಅದರ ಮುರಿದ ಕೊಂಬನ್ನೂ ವರ್ಣಿಸುತ್ತಾ ಹೊಲಹೊಲ ಅಲೆಯುತ್ತಾರೆ. "ಹಂಗಾದ್ರೆ ಒಂಟಿಮರದ ಹತ್ರ ಹೋಗಿರುತ್ತೆ ಬಿಡಿ" ಎಂದು ಯಾರಾದರೂ ಅಂದರೆ ಸಾಕು, ಒಂದು ಬಾಯಿ ಗುರುತು ಹಾಕಿಕೊಳ್ಳಲು ಕಿವಿಯ ಮೇಲಿನ ಪೆನ್ಸಿಲ್ಲು ಕೆಳಗಿಳಿಯುತ್ತದೆ. ಅಲ್ಲಿ ಮರವೇ ಇಲ್ಲವಲ್ಲ ಎಂದು ಮೇಲಧಿಕಾರಿ ರೇಗಿದರೆ, "ಮರ ಬಿದ್ದಿದೆ ಸ್ವಾಮಿ, ಹೆಸರು ನಿಂತಿದೆ" ಎಂದು ಹೇಳಿ ವೀಳ್ಯದ ಚೀಲ ಬಿಚ್ಚುತ್ತಾರೆ. ಮನೆಯಲ್ಲಿ ಮಾತ್ರ ಒಂದು ಹೆಸರು ಎರಡೇ ಬಾಯಿಗೆ ನಿಂತಿತ್ತು. ಹೆಂಡತಿ ತೀರಿಕೊಂಡ ಮೇಲೆ ಅವಳಿದ್ದ ಕೋಣೆಗೆ ಹಳೆಯ ಸಾಮಾನು ಸೇರಿದರೂ, ಅವರಿಗೂ ಮಗನಿಗೂ ಅದು ಅಮ್ಮನ ಕೋಣೆಯೇ. ಅತ್ತೆಯ ಮುಖವನ್ನೇ ಕಾಣದೆ ಬಂದ ಸೊಸೆಗೆ ಅದು ಸಾಮಾನಿನ ಕೋಣೆ. ಅವರು ತಿದ್ದಲು ಹೋಗಲಿಲ್ಲ; ಹೇಳಿಕೊಟ್ಟ ಹೆಸರು ಲೆಕ್ಕಕ್ಕಿಲ್ಲವಲ್ಲ. ಬದಲಿಗೆ, ಮನೆಯಿಂದ ಹೊರಡುವಾಗಲೆಲ್ಲ ಕೊಡೆ ಎಲ್ಲಿಟ್ಟೆನೋ ಎಂದು ಗೊಣಗುವುದನ್ನು ರೂಢಿ ಮಾಡಿಕೊಂಡರು. ಇವತ್ತು ಬೆಳಿಗ್ಗೆ ಸೊಸೆ ಒಲೆಯ ಮುಂದಿಂದ ತಲೆ ಎತ್ತದೆಯೇ ಹೇಳಿದಳು: "ಅತ್ತೆ ಕೋಣೇಲಿರ್ಬೇಕು ನೋಡಿ, ಮಾವ." ಕೊಡೆ ಅವರ ಕಂಕುಳಲ್ಲೇ ಇತ್ತು.