ಸದ್ದಿಲ್ಲದ ಟಯರು

ಐವತ್ತು ದಾಟಿದ ಮೇಲೆ ಕಾರು ಕಲಿತವಳು ನಾನು. ನನ್ನ ಗಂಡ ಕಲಿಯಲೇ ಇಲ್ಲ. ಅವರು ಉಡುಪಿ ಕಡೆಯವರು, ಮುಂಬೈಯ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಮ್ಯಾನೇಜರ್. ನಾನು ಮೈಸೂರಿನವಳು, ಕೆಲಸ ಪರೇಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ. ಇಬ್ಬರೂ ಬೊರಿವಲಿಯಿಂದ ಲೋಕಲ್ ರೈಲು ಹಿಡಿದು ಹೋಗಿಬರುವವರು. ನಮ್ಮ ಪುಟ್ಟ ಎಸ್‌ಯುವಿ ವಾರವೆಲ್ಲ ಬಿಲ್ಡಿಂಗಿನ ಕೆಳಗೆ ನಿಂತಿದ್ದು, ಇಬ್ಬರಿಗೂ ರಜೆ ಕೂಡಿಬಂದ ದಿನ ಮಾತ್ರ ಬೀದಿಗಿಳಿಯುತ್ತಿತ್ತು. ಓಡದೆ ನಿಂತರೂ ಟಯರಿಗೆ ವಯಸ್ಸಾಗುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ.

ತಿಳಿದದ್ದು ಮೊದಲ ಮಳೆಯಲ್ಲಿ. ಪಕ್ಕದ ಠಾಣೆ ನಗರದ ನೆಂಟರ ಮನೆಯಲ್ಲಿ ನಾಮಕರಣ ಮುಗಿಸಿಕೊಂಡು ವಾಪಸು ಬರುತ್ತಿದ್ದೆವು. ಮುಂದಿನ ಆಟೊ ಗಕ್ಕನೆ ನಿಂತಿತು. ನಾನೂ ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ, ಸೋಪು ಜಾರಿದ ಹಾಗೆ ಓರೆಯಾಗಿ ಜಾರಿ, ಆಟೊಗೆ ಇನ್ನೇನು ತಾಗಿತು ಅನ್ನುವಷ್ಟರಲ್ಲಿ ನಿಂತಿತು. ನೆಂಟರು ಕೊಟ್ಟಿದ್ದ ಪಾಯಸದ ಡಬ್ಬಿ ನನ್ನ ಗಂಡನ ತೊಡೆಯ ಮೇಲಿತ್ತು. ಅದರಲ್ಲಿದ್ದುದೆಲ್ಲ ಈಗ ಅವರ ಬಿಳಿ ಅಂಗಿಯ ಮೇಲಿತ್ತು.

"ನನಗೆ ಎಂತ ಆಗಲಿಲ್ಲ ಮಾರಾಯ್ತಿ," ಎಂದರು ಅವರು, ಶಾವಿಗೆ ಒರೆಸಿಕೊಳ್ಳುತ್ತಾ. "ಗೋಡಂಬಿ ಮಾತ್ರ ಜಾಸ್ತಿ ಹಾಕಿದ್ದಾರೆ."

ಮನೆ ಮುಟ್ಟುವವರೆಗೂ ಹೀಗೆಯೇ ಏನೇನೋ ಹೇಳಿ ನಗಿಸಿದರು.

ಮುಂದಿನ ರಜೆಗೆ ಟಯರಿನ ಅಂಗಡಿಗೆ ಹೋದೆವು. ಅಂಗಡಿಯವನು ಬಗ್ಗಿ ನೋಡಿ, ಟಯರಿನ ಪಕ್ಕೆಯಲ್ಲಿ ಎದ್ದಿದ್ದ ಸಣ್ಣ ಬಿರುಕುಗಳನ್ನು ತೋರಿಸಿ, ನಾಲ್ಕನ್ನೂ ಬದಲಿಸಬೇಕೆಂದ. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಸಾಬ್, ಕೌನ್‌ಸಾ ಲಗಾವೂಂ?" ಎಂದ, ಯಾವುದನ್ನು ಹಾಕಲಿ ಎಂದು.

"ಮೇಡಂ ಕೋ ಪೂಛೋ," ಎಂದು ನನ್ನ ಕಡೆ ಕೈ ತೋರಿಸಿದರು ಇವರು. ತಾವು ಬರೀ ಪಕ್ಕದಲ್ಲಿ ಕೂರುವವರು ಎಂದೂ ಸೇರಿಸಿದರು.

ಆದರೆ ನಾನು ವಿಚಾರಿಸುತ್ತಿರುವಷ್ಟರಲ್ಲಿ ಆ ಬರೀ ಕೂರುವವರು ಮೂಲೆಗೆ ಹೋಗಿ, ಅಂಗೈಯಗಲದ ಗಡ್ಡೆಗಡ್ಡೆ ರಬ್ಬರಿದ್ದ ಭಾರಿ ಟಯರೊಂದರ ಮುಂದೆ ನಿಂತುಬಿಟ್ಟಿದ್ದರು.

"ಇದನ್ನು ನೋಡು. ಎಂಥ ಹಿಡಿತ ಉಂಟು! ಇದು ಗೋಡೆ ಸಹ ಹತ್ತೀತು."

"ನಾವು ಯಾವ ಗೋಡೆ ಹತ್ತಬೇಕು ರೀ? ಬೊರಿವಲಿಯಿಂದ ಠಾಣೆಗೆ ಹೋಗೋರು."

ಅದು ಕಲ್ಲುಮಣ್ಣಿನ ದಾರಿಗೆ ಒಳ್ಳೆಯದು, ಡಾಂಬರಿನ ಮೇಲೆ ಸದ್ದು ಮಾಡುತ್ತದೆ ಎಂದು ಅಂಗಡಿಯವನೂ ಹೇಳಿದ. ನೀರು ಹೊರಗೆ ಹರಿದುಹೋಗಲು ಆಳದ ಗೆರೆಗಳಿರುವ, ಊರೊಳಗೆ ಓಡಿಸುವಂಥ ಬೇರೊಂದನ್ನು ತೋರಿಸಿದ. ಇವರು ಮೂಲೆ ಬಿಟ್ಟು ಕದಲಲಿಲ್ಲ. ಏನೂ ತೀರ್ಮಾನವಾಗದೆ ಮನೆಗೆ ಬಂದೆವು.

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ನಿವೃತ್ತ ಮರಾಠಿ ಶಾಲಾ ಶಿಕ್ಷಕಿಯೊಬ್ಬರಿದ್ದಾರೆ. ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುವುದು. ಅವರದೂ ನಮ್ಮಂಥದ್ದೇ ಕಾರು. ಹೋದ ಚಳಿಗಾಲದಲ್ಲಿ ಅವರ ಅಣ್ಣನ ಮಗ ಅದಕ್ಕೆ ಅಂಥವೇ ಗಡ್ಡೆ ಟಯರು ಹಾಕಿಸಿದ್ದ. ವಿಷಯ ಕೇಳಿದ ಟೀಚರ್, "ಬನ್ನಿ, ಕೂತೇ ನೋಡಿ," ಎಂದು ನಮ್ಮಿಬ್ಬರನ್ನೂ ಹತ್ತಿಸಿಕೊಂಡು ನ್ಯಾಷನಲ್ ಪಾರ್ಕಿನ ಗೇಟಿನ ಕಡೆ ಹೊರಟರು.

ಹೈವೇಗೆ ಬಂದದ್ದೇ ತಡ, ಕಾಲ ಕೆಳಗೆ ಹಿಟ್ಟಿನ ಗಿರಣಿ ಶುರುವಾಯಿತು.

"ಟಯರು ಹಾಕಿಸಿ ಎಷ್ಟು ದಿನವಾಯ್ತು?" ಹಿಂದಿನ ಸೀಟಿನಿಂದ ನನ್ನ ಗಂಡ ಮರಾಠಿಯಲ್ಲಿ ಕೂಗಿದರು.

"ಹೌದು ಹೌದು, ಈ ಸಲ ಮಾವಿನಹಣ್ಣು ಅಷ್ಟಕ್ಕಷ್ಟೇ," ಎಂದರು ಟೀಚರ್.

ಬಿಲ್ಡಿಂಗಿಗೆ ಮರಳಿ ಕಾರು ನಿಲ್ಲಿಸಿದ ಮೇಲೆ ಅವರು ನನ್ನ ಗಂಡನ ಕಡೆ ತಿರುಗಿದರು. "ನೀವು ಏನು ಕೇಳಿದಿರೋ ನನಗೆ ತಿಳಿಯಲಿಲ್ಲ," ಎಂದರು. "ಚಳಿಗಾಲದಿಂದ ಹೀಗೇ. ಗೆಳತಿಯರು ಕಾರಿನಲ್ಲಿ ಮಾತಾಡಿದರೆ ಒಂದೂ ಕೇಳಿಸುವುದಿಲ್ಲ. ಕಿವಿ ಹೋಯಿತು ಅಂತ ಕಾಣುತ್ತೆ. ಮುಂದಿನ ವಾರ ಡಾಕ್ಟರ ಹತ್ತಿರ ಹೋಗುತ್ತೇನೆ."

ಅವರ ಮುಖ ಎಷ್ಟು ಸಣ್ಣದಾಗಿತ್ತೆಂದರೆ ನನಗೂ ದನಿ ಎತ್ತಲಾಗಲಿಲ್ಲ. "ಮನೆಯಲ್ಲೂ ಹಾಗೇ ಆಗುತ್ತಾ?" ಎಂದು ಮೆಲ್ಲಗೆ ಕೇಳಿದೆ.

"ಇಲ್ಲ, ಮನೆಯಲ್ಲಿ ಅಷ್ಟಿಲ್ಲ."

"ಟೀಚರ್, ನಾನು ಈಗ ಪಿಸುಗುಟ್ಟಿದ್ದು ನಿಮಗೆ ಕೇಳಿಸಿತಲ್ಲ!"

ತಪ್ಪು ಕಿವಿಯದೋ ಟಯರಿನದೋ ನೋಡಿಯೇಬಿಡೋಣ ಎನಿಸಿತು. ಅವರನ್ನು ಇಳಿಸಿ ನಮ್ಮ ಕಾರಿಗೆ ಹತ್ತಿಸಿಕೊಂಡು, ಬಿರುಕುಬಿಟ್ಟ ಟಯರಿನ ಮೇಲೆಯೇ ಅದೇ ದಾರಿಯಲ್ಲಿ ನಿಧಾನವಾಗಿ ಹೊರಟೆ. ಸ್ವಲ್ಪ ದೂರ ಹೋಗುವುದರಲ್ಲಿ ಟೀಚರ್ ಹಿಂದಕ್ಕೆ ತಿರುಗಿ, "ಅದ್ಯಾರು ಗುನುಗುತ್ತಿರುವುದು? ಶ್ರುತಿ ತಪ್ಪಿದೆ," ಎಂದರು ನನ್ನ ಗಂಡನಿಗೆ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ತಡೆಯಲಾಗದೆ ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಅವತ್ತು ಸಂಜೆ ಚಹಾ ಕುಡಿಯುವಾಗ ನನ್ನ ಗಂಡ ತಾವಾಗಿಯೇ ಮಾತು ತೆಗೆದರು.

"ಆ ದೊಡ್ಡ ಟಯರು ಬೇಡ. ನಿನಗೆ ಸರಿ ಕಂಡದ್ದನ್ನೇ ಹಾಕಿಸುವ."

"ಮತ್ತೆ ಅಷ್ಟೊಂದು ಯಾಕೆ ಹಟ ಮಾಡಿದ್ರಿ?"

ಅವರು ಲೋಟವನ್ನೇ ನೋಡುತ್ತಾ ಹೇಳಿದರು: "ಅವತ್ತು ಗಾಡಿ ಜಾರಿದಾಗ ನನಗೆ ಹೆದರಿಕೆ ಆಗಿತ್ತು. ಅದನ್ನು ಹೇಳಿದರೆ ನೀನು ಮತ್ತೆ ಗಾಡಿ ಮುಟ್ಟುದಿಲ್ಲವೋ ಅಂತ ನಗಾಡಿದ್ದು. ಅಷ್ಟು ದಪ್ಪ ಟಯರು ಇದ್ದರೆ ಜಾರುದಿಲ್ಲ ಅಂತ ಎಣಿಸಿದೆ."

ನನಗೂ ಅವತ್ತು ಹೆದರಿಕೆಯಾಗಿತ್ತು. ಅದನ್ನು ಹೇಳಿದರೆ ಇವರು ನನ್ನ ಪಕ್ಕ ಕೂರುವುದನ್ನೇ ಬಿಟ್ಟಾರು ಎಂದು ನಾನೂ ಸುಮ್ಮನಿದ್ದೆ. ಈಗ ಹೇಳಿದೆ. ಇಬ್ಬರಿಗೂ ಹಗುರವಾಯಿತು, ಇನ್ನೊಂದು ಸುತ್ತು ಚಹಾ ಆಯಿತು.

ಈ ಸಲ ಅಂಗಡಿಗೆ ಟೀಚರನ್ನೂ ಕರೆದುಕೊಂಡು ಹೋದೆವು. ಒದ್ದೆ ರಸ್ತೆಯಲ್ಲಿ ಬೇಗ ನಿಲ್ಲುವುದು ಯಾವುದು ಎಂಬುದೊಂದನ್ನೇ ನಾನು ಕೇಳಿದೆ. ಆಳದ ಗೆರೆಗಳ ಟಯರನ್ನೇ ಆರಿಸಿದೆವು. ಎಷ್ಟೋ ಕಾಲ ಅಟ್ಟದ ಮೇಲೆ ಬಿದ್ದಿದ್ದ ಸರಕಲ್ಲ, ಹೊಸದೇ ಎಂದು ಖಾತ್ರಿ ಮಾಡಿಕೊಳ್ಳಲು ಅದರ ಪಕ್ಕೆಯಲ್ಲಿ ಒತ್ತಿದ್ದ ತಯಾರಿಕೆಯ ವಾರ, ವರ್ಷವನ್ನು ಟೀಚರ್ ಕನ್ನಡಕ ಏರಿಸಿ ಓದಿದರು. ತಮ್ಮ ಕಾರಿಗೂ ಅಂಥವನ್ನೇ ಹಾಕಿಸಿಕೊಂಡರು. ಗಡ್ಡೆ ಟಯರುಗಳನ್ನು ಅಣ್ಣನ ಮಗನ ಜೀಪಿಗೆ ಕಳಿಸಿದರಂತೆ.

ಜುಲೈನಲ್ಲಿ ಧೋ ಎಂದು ಮಳೆ ಸುರಿಯುವ ಮಧ್ಯಾಹ್ನವೊಂದರಲ್ಲಿ ಮತ್ತೆ ಠಾಣೆಯಿಂದ ಬರುತ್ತಿದ್ದೆವು. ಘೋಡ್‌ಬಂದರ್ ರಸ್ತೆಯಲ್ಲಿ ನಾಯಿಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ಕಾರು ನೆಟ್ಟಗೆ, ಇದ್ದ ಗೆರೆಯಲ್ಲೇ ನಿಂತಿತು. "ನೋಡಿದ್ರಾ ರೀ?" ಎಂದು ಸಂಭ್ರಮದಿಂದ ಪಕ್ಕಕ್ಕೆ ತಿರುಗಿದೆ. ನನ್ನ ಗಂಡ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು. ನಾಯಿ ಮೈ ಕೊಡವಿಕೊಂಡು ಆಚೆ ದಾಟುವವರೆಗೆ ಕಾದಿದ್ದು, ಅವರನ್ನು ಎಬ್ಬಿಸದೆ ಮೆಲ್ಲಗೆ ಹೊರಟೆ.