ಮುಂಗೈ ಒಪ್ಪಿದ ಯಂತ್ರ

ಟೋಂಗಾದ ರಾಜಧಾನಿ ನುಕುಅಲೋಫಾದಲ್ಲಿ ಬಣ್ಣಕ್ಕೆ ಅಳತೆಗೋಲು ಯಾವುದೆಂದು ಯಾರನ್ನಾದರೂ ಕೇಳಿ ನೋಡಿ, ತೆಲೇಸಿಯಾಳ ಎಡಗೈ ಎನ್ನುತ್ತಾರೆ. ಪೂರ್ತಿ ಕೈಯಲ್ಲ, ಮಣಿಕಟ್ಟಿನಿಂದ ಮೇಲಿನ ಒಂದು ಗೇಣು. ಅಚ್ಚಿನ ಮಷೀನಿನಿಂದ ಹಾಳೆ ಹೊರಬಿದ್ದೊಡನೆ ಅವಳು ತೋಳು ಮಡಿಸಿ, ಮುಂಗೈಯನ್ನು ಹಾಳೆಯ ಪಕ್ಕಕ್ಕಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ಹಾಳೆಯ ಮೇಲಿನ ಮುಖ ಮುಂಗೈಯ ಬಳಗಕ್ಕೆ ಸೇರಿದ್ದಾದರೆ ಪಾಸು, ಇಲ್ಲವಾದರೆ ಕಸದ ಬುಟ್ಟಿ. ಆ ಮುಂಗೈ ಒಮ್ಮೆ ಒಬ್ಬ ಮಂತ್ರಿಯ ಎರಡು ಸಾವಿರ ಪೋಸ್ಟರುಗಳನ್ನು ಬುಟ್ಟಿಗೆ ಕಳಿಸಿತಂತೆ. ಮುಳುಗುವ ಮುಂಚೆ ಸೂರ್ಯ ಕೂಡ ತನ್ನ ಬಣ್ಣ ಸರಿಯಿದೆಯೇ ಎಂದು ಅವಳ ಅಂಗಡಿಯ ಕಿಟಕಿಯಲ್ಲಿ ಇಣುಕಿ ಹೋಗುತ್ತಾನೆಂದು ಮೀನು ಮಾರುವ ಹೆಂಗಸರು ಹೇಳುತ್ತಾರೆ. ಬಿಸಿಲಿಗೆ ಕೈ ಕಪ್ಪಾಗಿ ಅಳತೆ ಕೆಟ್ಟೀತೆಂದು ಅವಳು ಸೆಕೆಗಾಲದಲ್ಲೂ ತುಂಬುತೋಳಿನ ಅಂಗಿ ತೊಡುತ್ತಾಳೆ ಎಂಬುದು ಮಾತ್ರ ಕಟ್ಟುಕತೆಯಲ್ಲ.

ಅವಳ ಇನ್ನೊಂದು ಖ್ಯಾತಿ ಸಿಟ್ಟು. ಅದಕ್ಕೆ ಅಳತೆಗೋಲು ಇನ್ನೂ ಸಿಕ್ಕಿಲ್ಲ.

ಮಾರುಕಟ್ಟೆಯ ಹಿಂದಿನ ಅವಳ ಅಂಗಡಿಯಲ್ಲಿ ಮದುವೆಯದ್ದೂ ಚರ್ಚಿನದ್ದೂ ಅಚ್ಚಾಗುತ್ತದೆ. ಆದರೆ ಹೊಟ್ಟೆ ತುಂಬಿಸುವುದು ಮಣ್ಣು ಮಾಡುವ ದಿನ ಹಂಚುವ ಸಾವಿನ ಪುಸ್ತಕ. ನಮ್ಮಲ್ಲಿ ಸತ್ತವರ ಫೋಟೋ ಇರುವ ಮುಖಪುಟವಿಲ್ಲದೆ ಮಣ್ಣು ಮಾಡುವುದಿಲ್ಲ. ಆ ಮುಖ ವರ್ಷಗಟ್ಟಲೆ ಗೋಡೆಯ ಮೇಲೆ, ಬೈಬಲ್ಲಿನೊಳಗೆ, ಆಕ್ಲೆಂಡಿನ ಮೊಮ್ಮಕ್ಕಳ ಫ್ರಿಜ್ಜಿನ ಬಾಗಿಲ ಮೇಲೆ ಇರಬೇಕು.

ಹದಿಮೂರು ವರ್ಷ ದುಡಿದ ಕಲರ್ ಮಷೀನು ಏಪ್ರಿಲ್ಲಿನಲ್ಲಿ ಉಪ್ಪುಗಾಳಿಗೆ ಸೋತು ಮಲಗಿತು. ಅದೇ ವಾರ ಚರ್ಚಿನ ಹಿರಿಯ ಮೋಸೆಸೆ ತೀರಿಕೊಂಡ. ಪುಸ್ತಕ ಊರಿನ ಬೇರೆ ಕಡೆ ಅಚ್ಚಾಯಿತು. ಮಣ್ಣಾದ ಮೂರನೆಯ ದಿನ ಅವನ ಹೆಂಡತಿ ಲೋಸಾ ಪುಸ್ತಕ ಹಿಡಿದು ಬಂದು ಮೇಜಿನ ಮೇಲೆ ಕುಕ್ಕಿದಳು.

"ಇವನ್ಯಾರೇ ತೆಲೇಸಿಯಾ? ನಲವತ್ತು ವರ್ಷ ನಾನು ಯಾರ ಜೊತೆ ಸಂಸಾರ ಮಾಡಿದೆ?"

ಹಡಗಿನ ಹಗ್ಗ ಎಳೆದು, ಬಿಸಿಲಲ್ಲಿ ಗೆಣಸಿನ ಹೊಲ ಅಗೆದು ಕಾಫಿಬೀಜದ ಬಣ್ಣಕ್ಕೆ ತಿರುಗಿದ್ದ ಮೋಸೆಸೆ, ಮುಖಪುಟದಲ್ಲಿ ಹಾಲಿನಲ್ಲಿ ನೆನೆಸಿದ ಬಿಸ್ಕತ್ತಿನ ಹಾಗೆ ನಗುತ್ತಿದ್ದ.

ತೆಲೇಸಿಯಾಳಿಗೆ ಮೈಯೆಲ್ಲ ಉರಿಯಿತು. ಊರಿನ ಸತ್ತವರೆಲ್ಲ ಒಬ್ಬೊಬ್ಬರಾಗಿ ಪಾಲಂಗಿಗಳಾಗುವ, ಅಂದರೆ ಬಿಳಿಯರಾಗುವ ಮುಂಚೆ ಮಷೀನು ತರಬೇಕಿತ್ತು. ಅವಳ ಕೈಯಲ್ಲಿದ್ದದ್ದು ಒಂದೇ ಮಷೀನಿಗಾಗುವಷ್ಟು ಹಣ. ಆಯ್ಕೆ ತಪ್ಪಿದರೆ ಅಂಗಡಿಯ ಬಾಗಿಲಿಗೆ ಹಲಗೆ ಬಡಿಯುವುದೇ. ಹೊಸದನ್ನೇ ತರುತ್ತೇನೆಂದು ಮಾರುಕಟ್ಟೆಗೆಲ್ಲ ಕೇಳುವಂತೆ ಶಪಥ ಮಾಡಿ, ದಂಡಯಾತ್ರೆಗೆ ಹೊರಟ ರಾಣಿಯಂತೆ ಅವಳು ಆಕ್ಲೆಂಡಿನ ವಿಮಾನ ಹತ್ತಿದಳು.

ಆದರೆ ಅಲ್ಲಿ ತಮ್ಮನ ಮಗ ಹೆನೆಲೆ ಇದ್ದ. ಆ ಊರಿನ ಓಟಾಹುಹು ಬಡಾವಣೆಯಲ್ಲಿ ಹಳೆಯ ಮಷೀನುಗಳನ್ನು ಕೊಂಡು, ರಿಪೇರಿ ಮಾಡಿ, ಮಾರುವ ಶೆಡ್ಡು ಅವನದು. ನಲವತ್ತು ದಾಟಿದ ಆಳು, ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಂಥ ಮೈಕಟ್ಟು. ಅತ್ತೆ ಕಂಡರೆ ಮಾತ್ರ ಅರ್ಧಕ್ಕೆ ಇಳಿಯುತ್ತಾನೆ.

"ಸುಮ್ನೆ ಒಂದ್ಸಲ ನೋಡಿ ಅತ್ತೆ. ಕಾಲೇಜಿನಲ್ಲಿತ್ತು. ಬರೀ ನಾಲ್ಕು ಲಕ್ಷ ಹಾಳೆ ಓಡಿದೆ. ಹೊಸದರ ಹಾಗೇ ಇದೆ."

"ಹೊಸದರ ಹಾಗೆ ಇರೋದು ಹಳೇದೇ ಕಣೋ. ಹೊಸದನ್ನ ಯಾರೂ ಹಾಗೆ ಹೇಳಲ್ಲ."

"ಅಲ್ಲ ಅತ್ತೆ..."

"ನೀವು ತಿನ್ನದ ಕುರಿಕೊಬ್ಬು ನಮಗೆ. ಯಾರದೋ ಮಗು ವಾಂತಿ ಮಾಡಿದ ಕಾರು ನಮಗೆ. ಯಾರೋ ಬೆವರಿ ಬೆವರಿ ಗುಂಡಿ ಬಿದ್ದ ಹಾಸಿಗೆ ನಮಗೆ. ಟೋಂಗಾ ಅಂದ್ರೆ ಆಕ್ಲೆಂಡಿನ ಹಿತ್ತಲು ಅಂದ್ಕೊಂಡಿದೀರಾ?"

"ನಾನೂ ಟೋಂಗಾದವನೇ ಅಲ್ವಾ ಅತ್ತೆ?"

"ಅದಕ್ಕೇ ಜಾಸ್ತಿ ಉರಿಯೋದು."

ಅವಳು ಮಷೀನಿನ ಮುಂಬಾಗಿಲು ತೆಗೆದು, ಟಾರ್ಚು ಹಿಡಿದು, ಹಲ್ಲಿನ ಡಾಕ್ಟರಂತೆ ತಲೆ ಒಳಗೆ ತೂರಿಸಿದಳು. ಬೆಲ್ಟಿನ ಅಂಚಿನ ಮೇಲೆ ಬೆರಳಾಡಿಸಿದಳು. ತಲೆ ಹೊರಬಂದಾಗ ಮೂಗಿನ ತುದಿಗೆ ನೀಲಿ ಪುಡಿ ಹತ್ತಿತ್ತು, ಕಣ್ಣು ಕೆಂಪಾಗಿತ್ತು.

"ನಾಲ್ಕು ಲಕ್ಷಕ್ಕೆ ಇಷ್ಟು ಸವೀಬೇಕಾದ್ರೆ ಕಾಲೇಜಿನಲ್ಲಿ ಏನು ಮರಳು ಕಾಗದದ ಮೇಲೆ ಪರೀಕ್ಷೆ ಬರೀತಿದ್ರಾ? ಒಳಗಿನ ಲೆಕ್ಕ ತೆಗಿ."

ಹೆನೆಲೆ ರಿಪೇರಿಯವರಿಗೆ ಮಾತ್ರ ಗೊತ್ತಿರುವ ಗುಂಡಿಗಳನ್ನು ಒತ್ತಿದ. ಮಷೀನು ಗೊಣಗುತ್ತ ಒಂದು ಹಾಳೆ ಉಗುಳಿತು. ಮೂವತ್ತೊಂದು ಲಕ್ಷ. ಯಾರೋ ಪುಣ್ಯಾತ್ಮ ಕಡಿಮೆ ಓಡಿದ ಬೇರೆ ಮಷೀನಿನ, ಲೆಕ್ಕ ತೋರಿಸುವ ಮುಂಫಲಕವನ್ನು ಇದಕ್ಕೆ ಜೋಡಿಸಿ ಮಾರಿದ್ದ.

"ದೇವರಾಣೆ ಗೊತ್ತಿರ್ಲಿಲ್ಲ ಅತ್ತೆ. ನಂಗೇ ಟೋಪಿ ಹಾಕಿದಾರೆ."

"ಆ ಸೈಜಿನ ತಲೆ ಇಟ್ಕೊಂಡು ಓಡಾಡಿದ್ರೆ ಹಾಕದೆ ಬಿಡ್ತಾರಾ? ಕೊಳ್ಳೋವಾಗ ನೋಡೋ ಕಣ್ಣು ಎಲ್ಲಿತ್ತು? ನಿನ್ನಜ್ಜಿ ಒಂದು ಕೋಳಿ ಕೊಂಡ್ರೂ ಬಾಲ ಎತ್ತಿ ನೋಡ್ತಿದ್ಲು!"

ಇಷ್ಟಾದ ಮೇಲೆ ಹೊಸದರ ಗೆಲುವು ಖಚಿತವೆಂದೇ ಎಲ್ಲರೂ ಅಂದುಕೊಳ್ಳಬೇಕು. ಮಧ್ಯಾಹ್ನ ತೆಲೇಸಿಯಾ ಸೊಂಟಕ್ಕೆ ಅತಿ ಒಳ್ಳೆಯ ಕಿಯೆಕಿಯೆ ಕಟ್ಟಿ, ಅದರ ಹೆಣೆದ ಎಳೆಗಳನ್ನು ಮಂಡಿಯವರೆಗೆ ಇಳಿಬಿಟ್ಟು, ಗಾಜಿನ ಗೋಡೆಯ ಷೋರೂಮಿಗೆ ಹೋದಳು. ಗ್ಯಾರೆತ್ ಎಂಬ ಮಾರಾಟದವನು ಬೆರಳುಗಾತ್ರದ ಬಟ್ಟಲಲ್ಲಿ ಕಾಫಿ ಕೊಟ್ಟ. ಹೊಸ ಮಷೀನು ಬಿಳಿಹಂಸದಂತೆ ನಿಂತಿತ್ತು. ಉಸಿರೂ ಕೇಳಿಸದಂತೆ ಅದು ಸ್ಟ್ರಾಬೆರಿ ತಿನ್ನುವ ಚಿನ್ನದ ಕೂದಲಿನ ಹುಡುಗಿಯೊಬ್ಬಳನ್ನು ಅಚ್ಚು ಮಾಡಿತು.

ತೆಲೇಸಿಯಾ ಚೀಲದಿಂದ ಪೆನ್‌ಡ್ರೈವ್ ತೆಗೆದು ಕೊಟ್ಟಳು. ಅದರಲ್ಲಿ ಮೋಸೆಸೆ ಇದ್ದ.

ಹಾಳೆ ಬಂತು. ಮತ್ತೆ ಅದೇ ಬಿಸ್ಕತ್ತು. ಅವಳು ತೋಳು ಮಡಿಸಿ ಮುಂಗೈ ಇಟ್ಟಳು.

"ಸರಿಯಿಲ್ಲ," ಎಂದಳು.

"ಮೇಡಂ, ಉಪಕರಣ ಇಟ್ಟು ಅಳೆದಿದ್ದೀವಿ. ಮಷೀನ್ ಪಕ್ಕಾ ಇದೆ. ಫೋಟೋನೇ ಸ್ವಲ್ಪ ಕಪ್ಪಗಿರ್ಬೇಕು."

"ಮನುಷ್ಯ ಕಪ್ಪು."

"ಅದೇ ಇದರ ವಿಶೇಷ! ಮುಖ ಕಂಡ್ರೆ ತಾನಾಗೇ ತಿಳಿ ಮಾಡುತ್ತೆ. ಗಿರಾಕಿಗಳಿಗೆ ಅದೇ ಇಷ್ಟ."

"ಸತ್ತಿದಾನೆ."

"ಯಾರು?"

"ಗಿರಾಕಿ."

ಗ್ಯಾರೆತ್‌ನ ನಗು ಅರ್ಧದಲ್ಲೇ ನಿಂತಿತು. ಆ ವಿಶೇಷವನ್ನು ಆರಿಸಲು ಅವನು ಹತ್ತು ನಿಮಿಷ ಪರದೆ ತಡಕಿದ. ಸಿಗಲಿಲ್ಲ. ಅದಕ್ಕೆ ತಂತ್ರಜ್ಞ ಬರಬೇಕು. ತಂತ್ರಜ್ಞ ಟೋಂಗಾಕ್ಕೆ ಬರುವುದಿಲ್ಲ, ವಿಡಿಯೋ ಕಾಲಿನಲ್ಲಿ ಸಿಗುತ್ತಾನೆ.

"ಹಾಳೆ ಸಿಕ್ಕಿಕೊಂಡ್ರೆ?"

"ಅದೂ ವಿಡಿಯೋದಲ್ಲೇ ಹೇಳ್ತಾರೆ ಮೇಡಂ."

ಕಿಯೆಕಿಯೆಯ ಎಳೆಗಳು ಗಾಳಿಯಿಲ್ಲದೆ ನಡುಗಿದವು. ಅಂಥ ಸಿಟ್ಟು. ಆದರೂ ಅವಳು ಬಟ್ಟಲನ್ನು ಸದ್ದಾಗದಂತೆ ಕೆಳಗಿಟ್ಟು, "ಥ್ಯಾಂಕ್ಯೂ" ಎಂದು ಹೊರಟುಬಂದಳು.

ಸದ್ದೆಲ್ಲ ಓಟಾಹುಹುವಿನ ಶೆಡ್ಡಿಗೆ ಮೀಸಲಿತ್ತು. ಗ್ಯಾರೆತ್, ಗ್ಯಾರೆತ್‌ನ ಕಾಫಿ, ಸ್ಟ್ರಾಬೆರಿಯ ಹುಡುಗಿ, ಮುಖ ತೊಳೆದು ಬಿಳಿ ಮಾಡುವ ವಿದ್ಯೆ ಕಂಡುಹಿಡಿದವನು, ಅವನನ್ನು ಹೆತ್ತವರು, ಯಾರನ್ನೂ ಅವಳು ಬಿಡಲಿಲ್ಲ. ಪಕ್ಕದ ಟಯರಿನ ಅಂಗಡಿಯವರು ಕೆಲಸ ನಿಲ್ಲಿಸಿ ಕೇಳಿದರು.

"ಸತ್ತವನ ಮುಖ ತಿದ್ದೋಕೆ ಇವರ್ಯಾರು? ಅವನಮ್ಮ ಕೊಟ್ಟ ಬಣ್ಣ ಇವರಿಗೆ ಕೊಳೆ ಥರ ಕಾಣತ್ತಾ?" ಪೆನ್‌ಡ್ರೈವನ್ನು ಅಳಿಯನ ಎದೆಗೆ ಎಸೆದಳು. "ಹಾಕು. ನಿನ್ನ ಗುಜರಿಗೂ ಮರ್ಯಾದೆ ಹೋಗ್ಲಿ."

ಗುಜರಿ ಕೆಮ್ಮಿತು, ನಡುಗಿತು, ಹಾಳೆ ಕೊಟ್ಟಿತು. ಒಂದು ಅಂಚಿನಲ್ಲಿ ಸವೆದ ಬೆಲ್ಟಿನ ಗೀರು ಬಿದ್ದಿತ್ತು. ಗೀರಿನ ಈಚೆಗೆ ಮೋಸೆಸೆ ಇದ್ದ. ಹಗ್ಗ ಎಳೆದ, ಹೊಲ ಅಗೆದ ಮೋಸೆಸೆ, ಕೆನ್ನೆಯ ಗಾಯದ ಗುರುತಿನ ಸಮೇತ. ತೆಲೇಸಿಯಾ ಮುಂಗೈ ಇಟ್ಟಳು. ಮಗ್ಗುಲು ಬದಲಿಸಿ ಮತ್ತೆ ಇಟ್ಟಳು. ಎರಡು ಸಲವೂ ಪಾಸು.

ಆಮೇಲೆ ಅವಳಿಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಇಡೀ ದಿನ ತಾನು ಬೈದ ಗುಜರಿಯೇ ಸರಿಯಾಗಿತ್ತು!

"ಇದಕ್ಕೆ ಹೇಗೋ ಗೊತ್ತಾಯ್ತು?"

"ಏನೂ ಗೊತ್ತಿಲ್ಲ ಅತ್ತೆ, ಹಳೇದು. ಮುಖ ಬೆಳ್ಳಗೆ ಮಾಡೋ ಬುದ್ಧಿ ಆಗಿನ್ನೂ ಬಂದಿರ್ಲಿಲ್ಲ."

"ಬೆಲ್ಟು, ಡ್ರಮ್ಮು, ರೋಲರು, ಎಲ್ಲ ಹೊಸದು ಹಾಕು. ನನ್ನ ಕಣ್ಣೆದುರಿಗೆ."

"ಹಾಕ್ತೀನಿ."

"ಕೆಟ್ಟಾಗ ನೀನೇ ಬರ್ಬೇಕು. ವಿಡಿಯೋ ಗಿಡಿಯೋ ಅಲ್ಲ, ವಿಮಾನ."

"ಅತ್ತೆ, ನಂಗೂ ಹೆಂಡ್ತಿ ಮಕ್ಕಳು, ವ್ಯಾಪಾರ..."

"ನಾನು ಕೇಳ್ತಾ ಇಲ್ಲ ಕಣೋ."

ನಮ್ಮ ಪದ್ಧತಿಯಲ್ಲಿ ಅಪ್ಪನ ಅಕ್ಕ ಹಂದಿ ಬೇಕೆಂದರೆ ಹಂದಿ ಕೊಡಬೇಕು, ದೋಣಿ ಬೇಕೆಂದರೆ ದೋಣಿ. ಸಾವಿನ ಮನೆಯಲ್ಲಿ ನಿನ್ನ ಜುಟ್ಟು ಕತ್ತರಿಸುತ್ತೇನೆಂದರೆ ತಲೆ ಬಾಗಿಸಬೇಕು. ಹೆನೆಲೆ ಸ್ಪ್ಯಾನರು ಕೈಗೆತ್ತಿಕೊಂಡ.

ಜೂನಿನಲ್ಲಿ ಮಷೀನು ಹಡಗಿಳಿಯಿತು. ಮೋಸೆಸೆಯ ಪುಸ್ತಕ ಹೊಸದಾಗಿ ಅಚ್ಚಾಯಿತು. ಲೋಸಾ ಮುಖಪುಟವನ್ನು ಬೆಳಕಿಗೆ ಹಿಡಿದು, "ಹ್ಞಾಂ, ಈ ಮೂತಿಯವನು ನನ್ನವನೇ," ಎಂದಳು. ಆಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತಳು.

ಊರು ಬಿಡುತ್ತದೆಯೇ? ತೆಲೇಸಿಯಾ ಪಾಲಂಗಿಗಳ ಗಾಜಿನ ಕೋಟೆಗೆ ನುಗ್ಗಿ, ನಾಲ್ಕೇ ನುಡಿಯಲ್ಲಿ ಅವರ ಬಾಯಿ ಕಟ್ಟಿ, ಟೋಂಗಾದ ಮುಖಗಳನ್ನು ಬಿಡಿಸಿಕೊಂಡು ಬಂದಳೆಂದು ಬೇರು ಅರೆದ ಕಾವಾ ಪಾನೀಯ ಕುಡಿಯುತ್ತ ಕೂರುವ ಗಂಡಸರೆಲ್ಲ ಹಾಡಿ ಹೊಗಳಿದರು. ಭಾನುವಾರ ಪ್ರಾರ್ಥನೆ ಮುಗಿದು, ಎಲ್ಲರೂ ಊಟಕ್ಕೆ ಕೂತಾಗ ಪಾದ್ರಿಗಳೇ ಮಾತು ತೆಗೆದರು.

"ಅಲ್ಲಮ್ಮ ತೆಲೇಸಿಯಾ, ನೀನು ಅಷ್ಟು ಸಿಟ್ಟಿನವಳು, ಅಲ್ಲಿ ಒಂದು ಕೆಟ್ಟ ಮಾತೂ ಆಡದೆ ರಾಣಿ ಥರ ಎದ್ದು ಬಂದ್ಯಂತೆ. ಎಂಥ ಸಂಯಮ! ಎಷ್ಟೆಲ್ಲ ಯೋಚನೆ ಮಾಡಿ ಹಳೇದನ್ನೇ ಆರಿಸಿದ್ಯೋ, ಸ್ವಲ್ಪ ಹೇಳು, ಈ ಮಕ್ಕಳೂ ಕಲೀಲಿ."

ತೆಲೇಸಿಯಾ ಕೆಸುವಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಲೂ ಬಿಚ್ಚಿ, ಒಂದು ತುತ್ತು ಬಾಯಿಗಿಟ್ಟು, ನಿಧಾನಕ್ಕೆ ಅಗಿದು ನುಂಗಿದಳು.

"ಹೊಸದು ಕೆಟ್ರೆ ಇಂಗ್ಲಿಷ್‌ನಲ್ಲಿ ಬೈಬೇಕು ಪಾದ್ರಿಗಳೇ," ಎಂದಳು. "ನಂಗೆ ಅಷ್ಟು ಬರಲ್ಲ."